ವಿದೇಶದಿಂದ ತರಿಸುವ ಡೈಕಾಸ್ಟ್ (ಲೋಹದ ಪುಟ್ಟ ಮಾದರಿ) ಕಾರು, ನಾಣ್ಯ, ಕಾರ್ಡ್: ಕಸ್ಟಮ್ಸ್ ಲೆಕ್ಕದ ಟಿಪ್ಪಣಿ

"ಸಣ್ಣ ಪಾರ್ಸೆಲ್, ಸುಂಕ ಬೀಳಲಿಕ್ಕಿಲ್ಲ" ಎಂಬ ಮಾತನ್ನು ಮೊದಲು ತಲೆಯಿಂದ ತೆಗೆದುಬಿಡಿ. 5,000 ರೂ. ಒಳಗಿನ ಉಡುಗೊರೆಗೆ ಹಿಂದೆ ವಿನಾಯಿತಿ ಇತ್ತು. 2019ರ ಡಿಸೆಂಬರ್‌ನಲ್ಲಿ ಆ ದಾರಿ ಮುಚ್ಚಿತು. ಈಗ ಅಂಚೆ ಅಥವಾ ಕೊರಿಯರ್‌ನಲ್ಲಿ ಉಡುಗೊರೆಯ ಹೆಸರಿನಲ್ಲಿ ಬಿಡಿಸಿಕೊಳ್ಳಲು ಆಗುವುದು ಜೀವರಕ್ಷಕ ಔಷಧ ಮತ್ತು ರಾಖಿ ಮಾತ್ರ. ದುಡ್ಡು ಕೊಟ್ಟು ಕೊಂಡ ವಸ್ತುವಿಗೆ ಇಂತಿಷ್ಟು ರೂಪಾಯಿಯ ತನಕ ಮಾಫಿ ಎಂಬ ಮಿತಿಯೇ ಇಲ್ಲ. ಹಾಗಾಗಿ ಒಂದು ಆರ್ಡರನ್ನು ಮೂರು ಪಾರ್ಸೆಲ್ ಮಾಡಿಸಿದರೆ ಸುಂಕ ಉಳಿಯುವುದಿಲ್ಲ, ಕೊರಿಯರ್‌ನವರ ಸೇವಾ ಶುಲ್ಕ ಮೂರು ಸಲ ಬೀಳುತ್ತದೆ, ಅಷ್ಟೆ.

ಸುಂಕ ಯಾವ ಮೊತ್ತದ ಮೇಲೆ?

ಎಲ್ಲರೂ ಎಡವುವ ಜಾಗ ಇದು, ಆದ್ದರಿಂದ ನಿಧಾನವಾಗಿ ನೋಡೋಣ. ಸುಂಕ ಬೀಳುವುದು ವಸ್ತುವಿನ ಬೆಲೆಯ ಮೇಲೆ ಮಾತ್ರ ಅಲ್ಲ. ಬೆಲೆ, ಸಾಗಾಟ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ. ಇದಕ್ಕೆ ಅಸೆಸೆಬಲ್ ವ್ಯಾಲ್ಯೂ ಎನ್ನುತ್ತಾರೆ. ಡಾಲರ್, ಯೆನ್‌ಗಳನ್ನು ರೂಪಾಯಿಗೆ ಇಳಿಸುವುದು ಕಸ್ಟಮ್ಸ್ ಪ್ರಕಟಿಸಿದ ವಿನಿಮಯ ದರದಲ್ಲಿ. ನಿಮ್ಮ ಬ್ಯಾಂಕ್ ಕಾರ್ಡಿಗೆ ಹಾಕಿದ ದರ ಬೇರೆ. ಬಿಲ್‌ನಲ್ಲಿ ಐದೋ ಹತ್ತೋ ರೂಪಾಯಿ ಆಚೀಚೆ ಕಂಡರೆ ಅದಕ್ಕೆ ಗಾಬರಿ ಬೇಡ.

ಸಾಗಾಟಕ್ಕೆ 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮದಲ್ಲಿ ಒಂದು ಮಿತಿ ಉಂಟು. ಸರಕು ವಿಮಾನದಲ್ಲಿ ಬಂದರೆ, ನೀವು ಸಾಗಾಟಕ್ಕೆ ಎಷ್ಟೇ ಕೊಟ್ಟಿರಿ, ಮೌಲ್ಯಕ್ಕೆ ಸೇರುವ ಸಾಗಾಟ ಎಫ್‌ಒಬಿ ಬೆಲೆಯ ಶೇ. 20 ದಾಟುವಂತಿಲ್ಲ. ಎಫ್‌ಒಬಿ ಎಂದರೆ ಆ ದೇಶದಿಂದ ಹೊರಡುವ ತನಕದ ಬೆಲೆ. ಜಪಾನಿನಲ್ಲಿ ಮಾರಾಟಗಾರನಿಂದ ಪ್ರಾಕ್ಸಿ (ನಮ್ಮ ಪರವಾಗಿ ಕೊಂಡು ಕಳಿಸುವವರ) ಗೋದಾಮಿಗೆ ಕಳಿಸಿದ ಖರ್ಚೂ ಅದರೊಳಗೇ. ಸಾಗಾಟ ಎಷ್ಟೆಂದು ತಿಳಿಯದಿದ್ದರೆ ನೇರವಾಗಿ ಶೇ. 20 ಸೇರಿಸುತ್ತಾರೆ. ವಿಮೆ ತಿಳಿಯದಿದ್ದರೆ ಎಫ್‌ಒಬಿಯ ಶೇ. 1.125.

ಹಗುರ ವಸ್ತುವಿಗೆ ಭಾರೀ ಸಾಗಾಟ ಕೊಡುವುದು ನಮ್ಮ ಸಂಗ್ರಹದ ಹವ್ಯಾಸದಲ್ಲಿ ಮಾಮೂಲು. ಈ ಮಿತಿಗೆ ಬೆಲೆ ಬರುವುದು ಅಲ್ಲೇ. 1:64 ಅಳತೆಯ ಒಂದು ಕಾರು 2,000 ರೂ., ವಿಮಾನ ಸಾಗಾಟ 1,800 ರೂ. ಎಂದಿಟ್ಟುಕೊಳ್ಳಿ. ಲೆಕ್ಕ ಕಲಿಯುವ ಮಟ್ಟಿಗೆ ಮೂಲ ಸುಂಕ ಶೇ. 20, ಅದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ ಶೇ. 10, ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಶೇ. 18 ಎಂದು ಹಿಡಿಯೋಣ. ದರಗಳು ಬಜೆಟ್‌ಗೊಮ್ಮೆ ಬದಲಾಗುತ್ತವೆ, ಪಾರ್ಸೆಲ್ ಬಂದ ದಿನದ ದರ ನೋಡಿ ಹಾಕಿಕೊಳ್ಳಿ.

ಇನ್‌ವಾಯ್ಸ್‌ನಲ್ಲಿ ಬೆಲೆ ಬೇರೆ, ಸಾಗಾಟ ಬೇರೆ ಬರೆದಿದ್ದರೆ ಮೌಲ್ಯ 2,000 + 400 + 22.50, ಅಂದರೆ 2,422.50. ಮೂಲ ಸುಂಕ 484.50. ಸರ್ಚಾರ್ಜ್ ಸುಂಕದ ಶೇ. 10 ಮಾತ್ರ, ಮೌಲ್ಯದ್ದಲ್ಲ, ಹಾಗಾಗಿ 48.45. ಇನ್ನು ಐಜಿಎಸ್‌ಟಿ: ಇದು 2,422.50ರ ಮೇಲೆ ಅಲ್ಲ, ಸುಂಕ ಮತ್ತು ಸರ್ಚಾರ್ಜ್ ಕೂಡಿಸಿದ 2,955.45ರ ಮೇಲೆ. ಅದು 531.98. ಒಟ್ಟು 1,064.93 ರೂ.

ಅದೇ ಕಾರನ್ನು ಮಾರಾಟಗಾರ "ಫ್ರೀ ಶಿಪ್ಪಿಂಗ್" ಎಂದು 3,800ಕ್ಕೆ ಕೊಟ್ಟ, ಸಾಗಾಟ, ವಿಮೆ ಎರಡೂ ಸೇರಿದೆ ಎಂದು ಇನ್‌ವಾಯ್ಸ್‌ನಲ್ಲಿ ಬರೆದ ಎನ್ನಿ. ಪೂರ್ತಿ 3,800ಕ್ಕೆ ಸುಂಕ: 1,670.48. ಸೇರಿದೆ ಎಂದೂ ಬರೆಯದೆ ಬರೀ 3,800 ಎಂದು ಬಿಟ್ಟರೆ ಇನ್ನೂ ಕಷ್ಟ. ಅದನ್ನೇ ಎಫ್‌ಒಬಿ ಎಂದು ತಿಳಿದು ಮೇಲಿಂದ ಶೇ. 20 ಮತ್ತು ಶೇ. 1.125 ಸೇರಿಸಬಹುದು. ಮೌಲ್ಯ 4,602.75, ಸುಂಕ 2,023.37. ಕಾರು ಅದೇ, ಜೇಬಿನಿಂದ ಹೋದ ದುಡ್ಡೂ ಅದೇ 3,800. ಸುಂಕ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಆದ್ದರಿಂದ ಆರ್ಡರ್ ಮಾಡುವ ಮೊದಲೇ ಮಾರಾಟಗಾರನಿಗೆ ಒಂದು ಸಾಲು ಬರೆಯಿರಿ: ವಸ್ತುವಿನ ಬೆಲೆ ಮತ್ತು ನಿಜವಾದ ವಿಮಾನ ಸಾಗಾಟವನ್ನು ಇನ್‌ವಾಯ್ಸ್‌ನಲ್ಲಿ ಬೇರೆ ಬೇರೆ ಸಾಲಿನಲ್ಲಿ ತೋರಿಸಿ ಎಂದು. ಖರ್ಚಿಲ್ಲದ ಇಷ್ಟು ಒಳ್ಳೆಯ ಉಪಾಯ ಈ ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲ.

ಶೇಕಡಾವಾರನ್ನು ಸುಮ್ಮನೆ ಕೂಡಿಸಬೇಡಿ. 20 + 2 + 18 = 40 ಎಂದು ಬರೆದುಕೊಂಡರೆ ತಪ್ಪು. 1.22 × 1.18 = 1.4396, ಅಂದರೆ ಶೇ. 43.96. ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಹೀಗೆ ಒತ್ತಿ: ಮೂಲ ಸುಂಕದ ದರವನ್ನು (ಶೇ. 20 ಎಂದರೆ 0.20) 1.1ರಿಂದ ಗುಣಿಸಿ, 1 ಕೂಡಿಸಿ, ಅದನ್ನು ಐಜಿಎಸ್‌ಟಿಯ 1.18ರಿಂದ ಗುಣಿಸಿ, 1 ಕಳೆಯಿರಿ. ಸರ್ಚಾರ್ಜ್ ವಿನಾಯಿತಿ ಇರುವ ವಸ್ತುವಾದರೆ 1.1 ಬಿಟ್ಟುಬಿಡಿ.

ಯಾವ ಶೀರ್ಷಿಕೆ

ಬಿಲ್ ಆಫ್ ಎಂಟ್ರಿಯಲ್ಲಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ದಾಖಲೆ) ಎಂಟಂಕಿಯ ಕೋಡ್ ಇರುತ್ತದೆ. ಯಾವ ಬಗೆಯ ವಸ್ತು ಎಂದು ಹೇಳುವ ಅದರ ಮೊದಲ ನಾಲ್ಕಂಕಿಯೇ ಶೀರ್ಷಿಕೆ. 9804ರಿಂದ ಶುರುವಾದರೆ ಸ್ವಂತ ಬಳಕೆಯ ವಸ್ತು ಎಂದು ಹಾಕಿದ್ದಾರೆ. ಇಲ್ಲದಿದ್ದರೆ ವಸ್ತುವಿನ ಸ್ವಂತ ಶೀರ್ಷಿಕೆ: ಸ್ಕೇಲ್ ಮಾಡೆಲ್ ಮತ್ತು ಆಟಿಕೆ 9503, ಆಡುವ ಕಾರ್ಡ್ 9504, ಅಂಚೆಚೀಟಿ 9704, ನಾಣ್ಯ ಸಂಗ್ರಹದ ವಸ್ತು 9705. ಇವುಗಳಲ್ಲಿ ಹೆದರಬೇಕಾದ್ದು 9503ಕ್ಕೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅದೇ ಪುಟ್ಟ ಕಾರು 9503ಕ್ಕೆ ಬಿದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಬಿಲ್ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಈ ಕೋಡ್, ಮೊತ್ತ ಆಮೇಲೆ.

ಆಟಿಕೆಗೆ ಇನ್ನೊಂದು ತೊಡಕು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು. 2021ರ ಜನವರಿ 1ರಿಂದ ಕಡ್ಡಾಯವಾದ ಗುಣಮಟ್ಟ ಆದೇಶ ಅನ್ವಯಿಸುವುದು 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ಮಾಡಿದ ವಸ್ತುಗಳಿಗೆ. ನಿಮ್ಮದು ವಯಸ್ಕರ ಸಂಗ್ರಹಕ್ಕೆ ಮಾಡಿದ ಮಾಡೆಲ್ ಆಗಿದ್ದು ಪೆಟ್ಟಿಗೆಯ ಮೇಲೆ 14+ ಎಂದು ಇದ್ದರೆ, ಆ ಭಾಗದ ಫೋಟೊ ಮೊದಲೇ ತರಿಸಿ ಇಟ್ಟುಕೊಳ್ಳಿ. ಪಾರ್ಸೆಲ್ ತಡೆದು ಕೇಳಿದಾಗ ಕೊಡಲಿಕ್ಕೆ ಬೇಕಾಗುತ್ತದೆ. ಒಂದೇ ಮಾಡೆಲ್‌ನ ಹತ್ತು ಪ್ರತಿ ತರಿಸಬೇಡಿ. ಸ್ವಂತ ಬಳಕೆಗೆ ಐಇಸಿ (ಆಮದು-ರಫ್ತು ಕೋಡ್) ನೋಂದಣಿ ಬೇಡ, ವ್ಯಾಪಾರಕ್ಕೆ ಬೇಕು. ಹತ್ತು ಕಂಡರೆ ವ್ಯಾಪಾರ ಎಂದೇ ಓದುತ್ತಾರೆ.

ಅಂಚೆಯೋ ಕೊರಿಯರೋ

ನಾವು ಮಂಗಳೂರು ಕಡೆಯವರಾದರೂ ನಮ್ಮ ಪಾರ್ಸೆಲ್ ಮಂಗಳೂರಿನಲ್ಲಿ ಬಿಡುಗಡೆ ಆಗುವುದಿಲ್ಲ. ಪಣಂಬೂರಿನ ಕಸ್ಟಮ್ ಹೌಸ್‌ಗೆ ಹೋಗಿ ವಿಚಾರಿಸಿ ಪ್ರಯೋಜನವಿಲ್ಲ, ಅವರದ್ದು ಬಂದರಿನ ಸರಕು. ಅಂಚೆಯದ್ದು ಮುಂಬಯಿ, ಚೆನ್ನೈಯಂಥ ಊರಿನ ವಿದೇಶಿ ಅಂಚೆ ಕಚೇರಿಯಲ್ಲಿ, ಕೊರಿಯರ್‌ನದ್ದು ಅದು ಇಳಿದ ವಿಮಾನ ನಿಲ್ದಾಣದಲ್ಲಿ ತೀರ್ಮಾನವಾಗುತ್ತದೆ. ಅಂಚೆಯಲ್ಲಾದರೆ ಪಾಂಡೇಶ್ವರದಿಂದಲೋ ನಿಮ್ಮ ಊರಿನ ಕಚೇರಿಯಿಂದಲೋ ಬಂದ ಪೋಸ್ಟ್‌ಮ್ಯಾನ್ ಸುಂಕ ವಸೂಲಿ ಮಾಡಿ ಪಾರ್ಸೆಲ್ ಕೊಡುತ್ತಾರೆ. ಕೊರಿಯರ್‌ನವರು ಆಧಾರ್ ಅಥವಾ ಪ್ಯಾನ್ ಕೇಳುತ್ತಾರೆ, ಸುಂಕವನ್ನು ತಾವು ಮೊದಲು ಕಟ್ಟಿ, ಅದಕ್ಕೊಂದು ಸೇವಾ ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ ಹಾಕುತ್ತಾರೆ. ಅಗ್ಗದ ವಸ್ತುವಿಗೆ ಕೆಲವೊಮ್ಮೆ ಸುಂಕಕ್ಕಿಂತ ಈ ಶುಲ್ಕವೇ ಭಾರ.

ಮಾರಾಟಗಾರ ಒಳ್ಳೆಯ ಮನಸ್ಸಿನಿಂದಲೇ "ಗಿಫ್ಟ್, 5 ಡಾಲರ್" ಎಂದು ಬರೆದಾನು, ಬೇಡವೆಂದು ಮೊದಲೇ ಹೇಳಿಬಿಡಿ. ಗಿಫ್ಟ್ ಎಂಬುದೇ ಈಗ ನಿಷಿದ್ಧ ದಾರಿ. ಮೌಲ್ಯ ನಂಬಲಾಗದಿದ್ದರೆ 12ನೇ ನಿಯಮದ ಪ್ರಕಾರ ಅಧಿಕಾರಿ ಅದನ್ನು ತಳ್ಳಿಹಾಕಿ ತಾವೇ ನಿರ್ಧರಿಸಬಹುದು. ಪಾವತಿಯ ಸ್ಕ್ರೀನ್‌ಶಾಟ್, ಆರ್ಡರ್ ಪುಟ, ಇನ್‌ವಾಯ್ಸ್ ಮೂರನ್ನೂ ಒಂದೇ ಪಿಡಿಎಫ್ ಮಾಡಿ ಇಟ್ಟುಕೊಂಡಿದ್ದರೆ, ಕೇಳಿದ ದಿನವೇ ಕಳಿಸಬಹುದು.

ಗಲ್ಫ್‌ನಿಂದ ಬರುವವರ ಕೈಯಲ್ಲಿ

ನಮ್ಮ ಕಡೆ ಪ್ರತಿ ಮನೆಯವರೂ ಕೇಳುವ ಪ್ರಶ್ನೆ ಇದು: ದುಬೈಯಿಂದ ರಜೆಗೆ ಬರುವ ಭಾವನ ಹತ್ತಿರ ತರಿಸಿದರೆ? ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವ ಪ್ರಯಾಣಿಕನಿಗೆ ಬ್ಯಾಗೇಜ್ ನಿಯಮದ ಸುಂಕರಹಿತ ಮಿತಿ ಉಂಟು. 2016ರ ನಿಯಮದಲ್ಲಿ 50,000 ರೂ. ಇತ್ತು, 2026ರಲ್ಲಿ 75,000ಕ್ಕೆ ಏರಿತು. ಅಕ್ಕ ಭಾವ ಇಬ್ಬರೂ ಬಂದರೆ ಇಬ್ಬರ ಮಿತಿ ಕೂಡಿಸಿ ಒಂದು ದುಬಾರಿ ವಸ್ತು ತರಲು ಆಗುವುದಿಲ್ಲ. ನಾಣ್ಯದವರು ಇದನ್ನು ಗಟ್ಟಿಯಾಗಿ ನೆನಪಿಡಿ: ಆಭರಣ ಅಲ್ಲದ ಚಿನ್ನ, ಬೆಳ್ಳಿ ಯಾವ ರೂಪದಲ್ಲಿದ್ದರೂ ಈ ಸಾಮಾನ್ಯ ಮಿತಿಗೆ ಸೇರುವುದಿಲ್ಲ. ಬೆಳ್ಳಿಯ ಡಾಲರ್ ನಾಣ್ಯ ಒಂದೇ ಆದರೂ ರೆಡ್ ಚಾನೆಲ್‌ನಲ್ಲಿ (ಸುಂಕದ ವಸ್ತು ತಂದವರು ಹೋಗುವ ದಾರಿ) ಹೇಳಿಯೇ ಬರಬೇಕು. ಭಾವನಿಗೆ ಇದನ್ನು ವಿಮಾನ ಹತ್ತುವ ಮೊದಲೇ ತಿಳಿಸಿ, ಬಿಲ್ಲನ್ನೂ ಜೊತೆಗಿಡಲು ಹೇಳಿ.

ಹೊರಗೆ ಕಳಿಸುವವರಿಗೆ

ವಿದೇಶದ ಸಂಗ್ರಾಹಕರೊಂದಿಗೆ ವಸ್ತು ವಿನಿಮಯ ಮಾಡುವವರಿಗೆ ಎರಡು ಮಾತು. ಅಮೆರಿಕ 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗೆ ಕೊಡುತ್ತಿದ್ದ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ನಿಲ್ಲಿಸಿತು; ಸುಂಕ ಯಾರು ಕೊಡುವುದೆಂದು ಆ ಕಡೆಯವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಗ್ರೇಡಿಂಗ್ (ನಾಣ್ಯದ ಅಸಲಿತನ, ಸ್ಥಿತಿಯ ದರ್ಜೆ ನಿರ್ಧಾರ) ಮಾಡಿಸಿ ವಾಪಸ್ ತರಿಸುವುದೂ ಕಳಿಸಿದಂತೆಯೇ. ಈಸ್ಟ್ ಇಂಡಿಯಾ ಕಂಪನಿಯ ಕಾಲು ಆಣೆ ಕೈಯಲ್ಲಿದ್ದರೆ ಗ್ರೇಡಿಂಗನ್ನು ದೇಶದೊಳಗೇ ಮಾಡಿಸಿ.