ಉಲ್ಕಾಶಿಲೆ ಶೋಕೇಸಿಗೆ ಬಂದದ್ದು ಹೇಗೆ?

2025ರ ಜುಲೈನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಮಂಗಳ ಗ್ರಹದಿಂದ ಬಂದು ಭೂಮಿಗೆ ಬಿದ್ದ ಒಂದು ಕಲ್ಲು, ಅಂದರೆ ಉಲ್ಕಾಶಿಲೆ, ಸುಮಾರು 53 ಲಕ್ಷ ಡಾಲರಿಗೆ ಹೋಯಿತು. ತೂಕ 24 ಕೆಜಿಗೂ ಜಾಸ್ತಿ. ಭೂಮಿ ಮೇಲೆ ಸಿಕ್ಕಿರುವ ಮಂಗಳದ ತುಂಡುಗಳಲ್ಲಿ ಇದೇ ದೊಡ್ಡದು. ಸಿಕ್ಕಿದ್ದು 2023ರಲ್ಲಿ, ನೈಜರ್ ದೇಶದ ಮರಳುಗಾಡಿನಲ್ಲಿ. ಹರಾಜು ಮುಗಿದ ಮೇಲೆ ನೈಜರ್ ಸರ್ಕಾರ, ಇದು ನಮ್ಮ ದೇಶ ದಾಟಿ ಹೋಗಿದ್ದು ಹೇಗೆ ಅಂತ ತನಿಖೆಗೆ ಇಳಿಯಿತು, ಉಲ್ಕಾಶಿಲೆಗಳ ರಫ್ತನ್ನೂ ನಿಲ್ಲಿಸಿತು. ಅಷ್ಟರಲ್ಲಿ ಕಲ್ಲು ಮಾರಾಟ ಆಗಿಹೋಗಿತ್ತು.

ಬಿದ್ದ ಕಲ್ಲನ್ನು ಎತ್ತಿಟ್ಟುಕೊಳ್ಳುವ ಆಸೆ ಹೊಸದೇನಲ್ಲ. 1492ರಲ್ಲಿ ಈಗಿನ ಫ್ರಾನ್ಸಿನ ಆಲ್ಸೇಸ್‌ನ ಎನ್ಸಿಸ್‌ಹೈಮ್ ಊರಿನ ಹೊಲಕ್ಕೆ 127 ಕೆಜಿಯಷ್ಟು ಕಲ್ಲು ಬಿತ್ತು. ಜನ ಮುಗಿಬಿದ್ದು ಒಡೆದುಕೊಂಡರು. ದೊರೆ ಮ್ಯಾಕ್ಸಿಮಿಲಿಯನ್ ತಾನೂ ತುಂಡು ತೆಗೆದುಕೊಂಡು, ಉಳಿದದ್ದನ್ನು ಚರ್ಚಿನಲ್ಲಿ ಇಡಿಸಿದ. ಈಗ ಉಳಿದಿರುವುದು ಅರ್ಧಕ್ಕಿಂತ ಕಡಿಮೆ. 1621ರಲ್ಲಿ ಜಲಂಧರ್ ಬಳಿ ಬಿದ್ದ ಕಬ್ಬಿಣದಿಂದ ಜಹಾಂಗೀರ್ ಕತ್ತಿ, ಚಾಕು ಮಾಡಿಸಿಕೊಂಡ. ಆದರೆ ಇವರಿಗೆಲ್ಲ ಅದು ಶಕುನ, ಶಕ್ತಿ. ಚಂದ ಅಂತ ಯಾರೂ ಇಟ್ಟುಕೊಂಡಿರಲಿಲ್ಲ.

ಚಂದ ಕಂಡಿದ್ದು 1808ರಲ್ಲಿ. ವಿಯೆನ್ನಾದ ಪಿಂಗಾಣಿ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ವಿಡ್‌ಮನ್‌ಸ್ಟೆಟನ್, ಕಬ್ಬಿಣದ ಉಲ್ಕಾಶಿಲೆಯ ಬಿಲ್ಲೆಯನ್ನು ಬೆಂಕಿಗೆ ಹಿಡಿದಾಗ ಅದರ ಮೇಲೆ ಚಾಪೆ ಹೆಣೆದ ಹಾಗೆ ಅಡ್ಡಾದಿಡ್ಡಿ ಪಟ್ಟಿಗಳು ಎದ್ದವು. ನಾಲ್ಕು ವರ್ಷ ಮೊದಲೇ ನೇಪಲ್ಸ್‌ನಲ್ಲಿದ್ದ ಥಾಮ್ಸನ್ ಎಂಬ ಇಂಗ್ಲಿಷಿನವನು ತುಕ್ಕು ತೆಗೆಯಲು ನೈಟ್ರಿಕ್ ಆಮ್ಲ ಹಾಕಿದಾಗ ಇದನ್ನೇ ಕಂಡಿದ್ದ, ಪಾಪ, ಹೆಸರು ಮಾತ್ರ ವಿಡ್‌ಮನ್‌ಸ್ಟೆಟನ್‌ಗೆ ಹೋಯಿತು. ಕಬ್ಬಿಣ, ನಿಕ್ಕಲ್ ಬೆರೆತು ಲಕ್ಷಾಂತರ ವರ್ಷ ನಿಧಾನವಾಗಿ ತಣ್ಣಗಾದರೆ ಮಾತ್ರ ಈ ವಿನ್ಯಾಸ ಮೂಡುತ್ತದೆ. ಯಾವ ಕುಲುಮೆಯಲ್ಲೂ ಅಷ್ಟು ಪುರುಸೊತ್ತಿಲ್ಲ. ಅಸಲಿ ಕಬ್ಬಿಣದ ಉಲ್ಕಾಶಿಲೆಗೆ ಇದೇ ಗುರುತಾಯಿತು, ಕಲ್ಲನ್ನು ಕೊಯ್ದು ಬಿಲ್ಲೆ ಮಾಡುವುದಕ್ಕೆ ಒಂದು ಕಾರಣವೂ ಸಿಕ್ಕಿತು.

ನಮೀಬಿಯಾದ ಗಿಬಿಯನ್ ಉಲ್ಕಾಶಿಲೆಯನ್ನೇ ನೋಡಿ. ಅಲ್ಲಿನ ನಾಮಾ ಜನ ಅದರಿಂದ ಆಯುಧ ಮಾಡಿಕೊಳ್ಳುತ್ತಿದ್ದರು. ಈಗ ಅದು ರೋಲೆಕ್ಸ್ ಗಡಿಯಾರದ ಡಯಲ್, ಉಂಗುರ, ಮೇಜಿನ ಮೇಲಿಡುವ ಬಿಲ್ಲೆ. ರಾಜಧಾನಿ ವಿಂಡ್‌ಹುಕ್‌ನ ಪೇಟೆ ಬೀದಿಯಲ್ಲಿ ಅದರ ದೊಡ್ಡ ತುಂಡುಗಳನ್ನು ಕಂಬಗಳ ಮೇಲೆ ನಿಲ್ಲಿಸಿದ್ದಾರೆ. ಕೆಲವು ಕಳುವಾಗಿವೆ. ಇಷ್ಟಾಗಿಯೂ ಕಬ್ಬಿಣದ ತುಂಡು ಇಟ್ಟುಕೊಳ್ಳುವುದು ನನಗೆ ದೊಡ್ಡ ತಪ್ಪಾಗಿ ಕಾಣುವುದಿಲ್ಲ, ಆ ಜಾತಿಯದು ಟನ್‌ಗಟ್ಟಲೆ ಸಿಕ್ಕಿದೆ. ತುಕ್ಕು ಹಿಡಿಯದಂತೆ ನೋಡಿಕೊಂಡರೆ ಸಾಕು. ನಮ್ಮ ಕರಾವಳಿ ಹವೆಗೆ ಅದೇನು ಸುಲಭದ ಕೆಲಸವಲ್ಲ ಬಿಡಿ.

ನಿಜವಾದ ತಕರಾರು ಅಪರೂಪದ ಕಲ್ಲುಗಳದು. 1990ರ ದಶಕದ ಕೊನೆಯಿಂದ ಸಹಾರಾದಲ್ಲಿ ಅಲೆಮಾರಿಗಳು ಆರಿಸಿದ ಕಲ್ಲುಗಳು ಮೊರಾಕ್ಕೊದ ವ್ಯಾಪಾರಿಗಳ ಮೂಲಕ ಜಗತ್ತಿಗೆಲ್ಲ ಹೋಗುತ್ತಿವೆ. ಎಲ್ಲಿ ಬಿತ್ತು ಅನ್ನುವುದಕ್ಕೆ ಎಷ್ಟೋ ಸಲ ದಾಖಲೆಯೇ ಇಲ್ಲ, ‘ವಾಯವ್ಯ ಆಫ್ರಿಕಾ’ ಅಂತ ಒಂದು ನಂಬರ್, ಅಷ್ಟೇ. ಸುಮ್ನೆ ವ್ಯಾಪಾರಿಗಳನ್ನು ಬೈಯುವುದೂ ಸರಿಯಲ್ಲ, ಅವರು ಆರಿಸದೆ ಹೋಗಿದ್ದರೆ ಎಷ್ಟೋ ಕಲ್ಲು ವಿಜ್ಞಾನಿಗಳ ಕಣ್ಣಿಗೇ ಬೀಳುತ್ತಿರಲಿಲ್ಲ. ಹೊಸ ಉಲ್ಕಾಶಿಲೆಗೆ ಅಧಿಕೃತ ಹೆಸರು ಬೇಕಾದರೆ 20 ಗ್ರಾಂ ಅಥವಾ ಒಟ್ಟು ತೂಕದ ಶೇ. 20, ಯಾವುದು ಕಡಿಮೆಯೋ ಅಷ್ಟನ್ನು ಸಂಶೋಧನಾ ಸಂಸ್ಥೆಗೆ ಕೊಡಬೇಕೆಂಬ ನಿಯಮವಿದೆ. ಅಂದರೆ 24 ಕೆಜಿ ಕಲ್ಲಿಗೂ 20 ಗ್ರಾಂ ಕೊಟ್ಟರೆ ಸಾಕು. ಇದು ತೀರಾ ಕಡಿಮೆ, ಅಲ್ವಾ? ಕಲ್ಲು ಸಂಗ್ರಹದಲ್ಲಿ ಉಳಿದರೆ ಏನು ಲಾಭ ನೋಡಿ: 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಕೋಲ್ಕತ್ತದ ಸರ್ಕಾರಿ ಸಂಗ್ರಹ ಸೇರಿತು, ನೂರು ವರ್ಷ ದಾಟಿದ ಮೇಲೆ ಅದು ಮಂಗಳದ್ದು ಅಂತ ಗೊತ್ತಾಯಿತು. ಹರಾಜಾದ ನೈಜರ್ ಕಲ್ಲು ಕೂಡ ಶೇರ್‌ಘಾಟಿಯ ಹೆಸರಿನ ಗುಂಪಿಗೇ ಸೇರಿದ್ದು.