ಕೋವಿ ಠಾಣೆಯಲ್ಲಿ, ಮಂಗ ತೋಟದಲ್ಲಿ: ಒಂದು ಪರವಾನಗಿಯ ಹಿಂದಿನ ಕತೆ

2025ರ ಮೇ ತಿಂಗಳಲ್ಲಿ ದೇಶದಾದ್ಯಂತ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆಗೆ ಗೊತ್ತುಮಾಡಿದ ಊರುಗಳಲ್ಲಿ ಕಾರವಾರವೂ ಇತ್ತು. ಆಗ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಲ್ಕು ಜನ ಸೇರಿದಲ್ಲೆಲ್ಲ ಸೇನೆ, ಕ್ಷಿಪಣಿ, ಯುದ್ಧನೌಕೆಯದೇ ಮಾತು. ಅದೇ ಮಾತು ಘಟ್ಟ ಹತ್ತಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬಂದರೆ ಬೇರೆ ದಾರಿ ಹಿಡಿಯುತ್ತದೆ. ದೇಶದ ಕೈಯಲ್ಲಿ ಎಷ್ಟು ಆಯುಧವಿದ್ದರೂ ಒಳ್ಳೆಯದೇ, ಆದರೆ ನಮ್ಮ ಮನೆಯ ಒಂದು ಕೇಪಿನ ಕೋವಿಯ ಮೇಲೆ, ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಡಿಸುವಷ್ಟು, ಯಾಕೆ ಅನುಮಾನ ಎಂದು ಯಾರಾದರೂ ಕೇಳುತ್ತಾರೆ. ಅಲ್ಲಿಂದ ಮಾತು ಪೊಲೀಸರು, ಫಾರೆಸ್ಟಿನವರು, ಸರ್ವೆಯವರು, ವಕೀಲರು ಎಂದು ಹೊರಳಿ, ಯಾರನ್ನೂ ನಂಬುವ ಹಾಗಿಲ್ಲ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹೊರಗಿನವರಿಗೆ ಇದರ ತಲೆಬುಡ ತಿಳಿಯುವುದಿಲ್ಲ. ತಿಳಿಯಬೇಕೆಂದರೆ ತುಸು ಹಿಂದಕ್ಕೆ ಹೋಗಬೇಕು.

1857ರ ದಂಗೆಯ ಹೊತ್ತಿಗೆ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಕೊಡುವುದಿಲ್ಲವೆಂದು ನಿಂತರು. ಊರು ಸುಟ್ಟುಹೋಯಿತು, ಹಲವರು ನೇಣಿಗೇರಿದರು, ಲಾವಣಿ ಉಳಿಯಿತು. ಅದಾಗಿ ಎರಡು ದಶಕಕ್ಕೆ, 1878ರಲ್ಲಿ, ಒಂದೇ ವರ್ಷ ಎರಡು ಕಾಯ್ದೆಗಳು ಬಂದವು. ಭಾರತೀಯ ಆಯುಧ ಕಾಯ್ದೆ ಕೋವಿಗೆ ಲೈಸೆನ್ಸು ಬೇಕೆಂದಿತು. ಭಾರತೀಯ ಅರಣ್ಯ ಕಾಯ್ದೆ ಕಾಡಿಗೆ ಗಡಿ ಹಾಕಿತು. ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಜಿಲ್ಲೆಗೆ ಈ ಎರಡೂ ಒಟ್ಟಿಗೆ ತಟ್ಟಿದವು. ಹುಲಿ ಹೊಡೆದವನಿಗೆ ಇನಾಮು ಕೊಡುತ್ತಿದ್ದ ಸರ್ಕಾರವೇ ಕುಮರಿ, ಅಂದರೆ ಕಾಡು ಕಡಿದು ಸುಟ್ಟು ಬೇಸಾಯ, ಮಾಡುವವನನ್ನು ಕಾಡಿನಿಂದ ಹೊರಗಿಟ್ಟಿತು. ಅಡಿಕೆ ತೋಟದವರಿಗೆ ಗೊಬ್ಬರದ ಸೊಪ್ಪು ತರುವ ಸೊಪ್ಪಿನಬೆಟ್ಟದ ಸವಲತ್ತು ಉಳಿಯಿತಾದರೂ ಬೆಟ್ಟದಲ್ಲಿ ಏನು ಕಡಿಯಬಹುದು, ಏನು ಕೂಡದು ಎಂದು ಹೇಳುವವನು ಇನ್ನೊಬ್ಬನಾದ. ಪೊಲೀಸರ ಮೇಲಿನ ಅಂಜಿಕೆಯೂ ಫಾರೆಸ್ಟಿನವರ ಮೇಲಿನ ಅಪನಂಬಿಕೆಯೂ ಈ ಜಿಲ್ಲೆಯಲ್ಲಿ ಒಂದೇ ವಯಸ್ಸಿನವು.

ಸ್ವಾತಂತ್ರ್ಯ ಚಳವಳಿಯ ಕಾಲದ ಒಂದು ಸಂಗತಿಯನ್ನು ಈಗ ಯಾರೂ ನೆನೆಯುವುದಿಲ್ಲ. 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಮೂಲಭೂತ ಹಕ್ಕುಗಳ ನಿರ್ಣಯ ಮಾಡಿದಾಗ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಆ ಪಟ್ಟಿಯಲ್ಲಿತ್ತು. ಅದೇ ವರ್ಷಗಳಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡದೆ ಜಮೀನು ಜಪ್ತಿಗೆ ಒಡ್ಡಿ ಕೂತಿದ್ದರು. ಸಂವಿಧಾನ ಬರೆಯುವಾಗ ಆ ಹಕ್ಕು ಬಿಟ್ಟುಹೋಯಿತು.

ಬಂದದ್ದು 1959ರ ಆಯುಧ ಕಾಯ್ದೆ, ಜಾರಿಯಾದದ್ದು 1962ರ ಅಕ್ಟೋಬರಿನಲ್ಲಿ. ಇದು ರೈತರ ವಿರುದ್ಧದ ಕಾನೂನು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಓದಿ ನೋಡಿದರೆ ಹಾಗಿಲ್ಲ. 13ನೇ ಕಲಮು ಏನು ಹೇಳುತ್ತದೆಂದರೆ, ನಿಜವಾಗಿ ಬೆಳೆ ಕಾಯಲು ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಕೇಳಿದವನಿಗೆ ಪರವಾನಗಿ ಕೊಡತಕ್ಕದ್ದು. ಆ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ (ಕಾಡತೂಸು) ತುಂಬುವ ಕೋವಿಗೂ ಕೊಡಬಹುದು. ಸಾರ್ವಜನಿಕ ಶಾಂತಿಗೆ ಅಪಾಯ ಎಂಬಂಥ ಕಾರಣಗಳಿದ್ದರೆ ನಿರಾಕರಿಸಬಹುದು, ಅದೂ 14ನೇ ಕಲಮಿನಲ್ಲಿದೆ. ನಿಯಮಾವಳಿಯಲ್ಲಿ ಬೆಳೆ ಹಾಳುಮಾಡುವ ಪ್ರಾಣಿಗಳ ವಿಷಯಕ್ಕೆಂದೇ ಪ್ರತ್ಯೇಕ ನಮೂನೆಯ ಲೈಸೆನ್ಸನ್ನೂ ಇಟ್ಟರು. ಅಂದರೆ ಕಾಯ್ದೆ ಬರೆದವರಿಗೆ ಗದ್ದೆಯ ಮಾಳದಲ್ಲಿ ರಾತ್ರಿಯಿಡೀ ಕೂತು ಹಂದಿ ಕಾಯುವವನ ಕಷ್ಟ ಗೊತ್ತಿತ್ತು.

ಗಂಟು ಬಿದ್ದದ್ದು 1972ರಲ್ಲಿ. ಆ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರದಿದ್ದರೆ ಕಾಳಿ ಕಣಿವೆಯ ಹುಲಿಯೂ ಅಘನಾಶಿನಿ ಕೊಳ್ಳದ ಸಿಂಗಳೀಕವೂ ಇಂದು ಉಳಿಯುತ್ತಿರಲಿಲ್ಲ. ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತಾಡಬೇಕು. ಆದರೆ ಆ ಕಾಯ್ದೆಯ ಪ್ರಕಾರ ಬೆಳೆ ತಿನ್ನುವ ಪ್ರಾಣಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಬೇಕು. ಹಂದಿ ಗದ್ದೆಗಿಳಿಯುವುದು ರಾತ್ರಿ ಒಂದು ಗಂಟೆಗೆ, ಅನುಮತಿಯ ಕಾಗದ ಬರುವುದು ಕಚೇರಿ ತೆರೆದಾಗ. 34ನೇ ಕಲಮಿನ ಪ್ರಕಾರ ಅಭಯಾರಣ್ಯದ ಹತ್ತು ಕಿಲೋಮೀಟರ್ ವ್ಯಾಪ್ತಿಯಲ್ಲಿ ಅದೇ ಅಧಿಕಾರಿಯ ಒಪ್ಪಿಗೆಯಿಲ್ಲದೆ ಹೊಸ ಕೋವಿ ಲೈಸೆನ್ಸು ಕೊಡುವಂತಿಲ್ಲ. ದಾಂಡೇಲಿ, ಅಣಶಿ, ಅತ್ತಿವೇರಿ, ಶರಾವತಿ ಕಣಿವೆ ಎಂದು ಭೂಪಟದ ಮೇಲೆ ಹತ್ತತ್ತು ಕಿಲೋಮೀಟರಿನ ವರ್ತುಲ ಎಳೆಯುತ್ತ ಹೋದರೆ ಎಷ್ಟು ಹಳ್ಳಿಗಳು ಒಳಗೆ ಬರುತ್ತವೆ ನೋಡಿ.

ಹೀಗಾಗಿ ಒಂದು ಕಾನೂನು ಬೆಳೆ ಕಾಯಲು ಕೋವಿ ಕೊಡುತ್ತದೆ, ಇನ್ನೊಂದು ಅನುಮತಿಯಿಲ್ಲದೆ ಆ ಕೋವಿ ಯಾವುದರ ಮೇಲೂ ತಿರುಗಬಾರದು ಎನ್ನುತ್ತದೆ. ಉಳಿದದ್ದು ಸದ್ದು. ನಮ್ಮ ತೋಟಗಳಲ್ಲಿ ಇಂದು ಕೋವಿಯ ಕೆಲಸ ಬಹುಪಾಲು ಅದೇ. ಮಂಗನ ಹಿಂಡು ಅಡಿಕೆಯ ಹೂವಾದ ಸಿಂಗಾರಕ್ಕೋ ಎಳೆಯಡಿಕೆಗೋ ಬಾಳೆಗೊನೆಗೋ ಇಳಿದಾಗ ಗಾಳಿಯಲ್ಲಿ ಒಂದು ಈಡು ಹೊಡೆದರೆ ಹಿಂಡು ಆಚೆ ಬೆಟ್ಟಕ್ಕೆ ಏರುತ್ತದೆ. ಡಬ್ಬಿ ಬಡಿದರೆ, ಪಟಾಕಿ ಹಚ್ಚಿದರೆ ವಾರದಲ್ಲಿ ಅವಕ್ಕೆ ರೂಢಿಯಾಗುತ್ತದೆ. ಕೋವಿಯ ಸದ್ದಿಗೆ ಹಾಗಾಗುವುದು ಕಡಿಮೆ ಎಂದು ತೋಟದವರು ಹೇಳುತ್ತಾರೆ. ಎರಡೆಕರೆ ತೋಟದ ಮನೆಯಲ್ಲಿ ಈಗ ಉಳಿದಿರುವವರು ಎಪ್ಪತ್ತರ ಆಸುಪಾಸಿನ ಗಂಡ-ಹೆಂಡತಿ. ಮಕ್ಕಳು ಬೆಂಗಳೂರಿನಲ್ಲಿ. ಕೂಗು ಹಾಕುತ್ತ ಧರೆ ಹತ್ತಿಳಿಯುವ ಕಾಲು ಅವರಿಗಿಲ್ಲ. ಸಿದ್ದಾಪುರದ ಕಡೆ ಇದಕ್ಕೆ ಇನ್ನೊಂದು ಭಯವೂ ಸೇರಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2024ರಲ್ಲಿಯೂ ಸಿದ್ದಾಪುರ ತಾಲೂಕಿನಲ್ಲಿ ಜೀವ ತೆಗೆದಿದೆ. ಮನೆಯ ಹಿತ್ತಲಿಗೆ ಮಂಗ ಬಂದರೆ ಅಲ್ಲಿಯವರಿಗೆ ಬೆಳೆಯ ಚಿಂತೆಗಿಂತ ಮೊದಲು ಕಾಯಿಲೆ ಹರಡುವ ಉಣ್ಣೆ ಹುಳದ ಚಿಂತೆ.

ಇನ್ನು ಚುನಾವಣೆ. ಈ ತಕರಾರು ಹೊತ್ತಿಕೊಳ್ಳುವುದೇ ಇಲ್ಲಿ. ಘೋಷಣೆಯಾದೊಡನೆ ಜಿಲ್ಲಾಡಳಿತದಿಂದ ಆದೇಶ ಹೊರಡುತ್ತದೆ: ಲೈಸೆನ್ಸುದಾರರು ಕೋವಿಯನ್ನು ಹತ್ತಿರದ ಠಾಣೆಯಲ್ಲಿ ಠೇವಣಿ ಇಡಬೇಕು. ಚುನಾವಣಾ ಆಯೋಗದ ಮಾರ್ಗಸೂಚಿ ಸ್ವತಃ ಇಷ್ಟು ಸಾರಾಸಗಟಾಗಿಲ್ಲ. ಜಿಲ್ಲೆಗೊಂದು ಪರಿಶೀಲನಾ ಸಮಿತಿ ಇರಬೇಕು, ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸೇರಿದ್ದವರು ಯಾರೆಂದು ಒಂದೊಂದೇ ಲೈಸೆನ್ಸು ನೋಡಿ ತೀರ್ಮಾನಿಸಬೇಕು ಎಂದು ಅದು ಹೇಳುತ್ತದೆ. ಹಾಗೆ ನೋಡುವುದಕ್ಕೆ ಸಮಯ ಬೇಕು, ಸಿಬ್ಬಂದಿ ಬೇಕು. ಎಲ್ಲವನ್ನೂ ತರಿಸಿಕೊಳ್ಳುವುದು ಸುಲಭ. ಆಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ ಎಂಬ ಧೈರ್ಯವೂ ಆಡಳಿತಕ್ಕೆ ಸಿಗುತ್ತದೆ.

2018ರ ಮೇನಲ್ಲಿ ವಿಧಾನಸಭೆ, 2019ರ ಏಪ್ರಿಲ್‌ನಲ್ಲಿ ಲೋಕಸಭೆ, ಅದೇ ಡಿಸೆಂಬರಿನಲ್ಲಿ ಯಲ್ಲಾಪುರ ಕ್ಷೇತ್ರಕ್ಕೆ ಉಪಚುನಾವಣೆ, 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯ್ತಿ, 2023ರ ಮೇನಲ್ಲಿ ಮತ್ತೆ ವಿಧಾನಸಭೆ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್ 16ರಂದು ನೀತಿ ಸಂಹಿತೆ ಜಾರಿಗೆ ಬಂತು, ನಮ್ಮಲ್ಲಿ ಮತದಾನ ನಡೆದದ್ದು ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಹೆಚ್ಚುಕಡಿಮೆ ಇಡೀ ಬೇಸಿಗೆ. ಕಾಡಿನಲ್ಲಿ ನೀರು ಬತ್ತಿ ಪ್ರಾಣಿಗಳು ತೋಟದ ಕಾಲುವೆ ಹುಡುಕಿಕೊಂಡು ಬರುವುದೂ, ಹಲಸು ಹಣ್ಣಾಗಿ ಹಂದಿ ಅಂಗಳದವರೆಗೆ ಬರುವುದೂ ಅದೇ ತಿಂಗಳುಗಳಲ್ಲಿ.

ಠೇವಣಿ ಎಂದರೆ ಏನೆಂದು ಪಟ್ಟಣದವರಿಗೆ ಕಲ್ಪನೆ ಇರಲಾರದು. ಎರಡು ಬಸ್ಸು ಬದಲಿಸಿ ಬರುವವರು ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ತರುತ್ತಾರೆ. ಪೇದೆ ಲೈಸೆನ್ಸಿನ ಪುಸ್ತಕ ತಿರುವಿ ನಳಿಗೆಯ ಮೇಲಿನ ನಂಬರು ಹುಡುಕುತ್ತಾನೆ. ಅಜ್ಜನ ಕಾಲದ ಕೋವಿಯಲ್ಲಿ ಆ ನಂಬರು ಸವೆದಿರುತ್ತದೆ, ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ಬೆಳಕಿಗೆ ಹಿಡಿದು ಓದಬೇಕು. ಕೋವಿಯ ಕುದುರೆ ಎಂಬ ಕೀಲಿಗೆ ಸುತಲಿ ದಾರದಲ್ಲಿ ರಟ್ಟಿನ ಚೀಟಿ ಕಟ್ಟುತ್ತಾರೆ, ರಸೀದಿ ಕೊಡುತ್ತಾರೆ, ಕೋವಿ ಮುದ್ದೆಮಾಲು ಕೋಣೆಯಲ್ಲಿ ಗೋಡೆಗೆ ಒರಗಿದ ಸಾಲಿನಲ್ಲಿ ಇನ್ನೊಂದಾಗುತ್ತದೆ. ಪಕ್ಕದಲ್ಲಿ ಯಾವುದೋ ಅಪಘಾತದ ಬೈಕಿನ ಬಿಡಿಭಾಗ, ಜಪ್ತಿ ಮಾಡಿದ ಸಾರಾಯಿಯ ಕ್ಯಾನು. ಬಿಡಿಸಿಕೊಳ್ಳುವ ಹೊತ್ತಿಗೆ ಮಳೆ ಶುರುವಾಗಿ ನಳಿಗೆಯೊಳಗೆ ತುಕ್ಕು, ಹಿಡಿಯ ಮೇಲೆ ಬೂಸಲು. ತಿಂಗಳಿಗೊಮ್ಮೆ ಎಣ್ಣೆ ಹಾಕಲು ಠಾಣೆಯಲ್ಲಿ ಯಾರಿಗೂ ಪುರಸೊತ್ತಿಲ್ಲ, ಅದು ಅವರ ಕೆಲಸವೂ ಅಲ್ಲ. ಲೈಸೆನ್ಸುಳ್ಳ ಬಂದೂಕು ಅಂಗಡಿಯಲ್ಲಿಡಲು ಕಾನೂನಿನಲ್ಲಿ ಅವಕಾಶವಿದೆ, ಬಾಡಿಗೆ ಕೊಡಬೇಕು.

ಒಮ್ಮೆಯೂ ಠಾಣೆಯ ಮೆಟ್ಟಿಲು ಹತ್ತದೆ ಬದುಕಿದ ಮನುಷ್ಯ ಚುನಾವಣೆ ಬಂದಾಗಲೆಲ್ಲ ಹೀಗೆ ಆ ಸಾಲಿನಲ್ಲಿ ನಿಂತರೆ ಅವನ ಮನಸ್ಸಿನಲ್ಲಿ ಏನು ಕೂರುತ್ತದೆ? ತನ್ನನ್ನು ಶಂಕಿತರ ಪಟ್ಟಿಗೆ ಸೇರಿಸಿದ್ದಾರೆ ಎಂಬುದೇ ಕೂರುತ್ತದೆ. ಎದುರಿಗಿರುವ ಪೇದೆ ಆದೇಶ ಪಾಲಿಸುತ್ತಿದ್ದಾನೆ ಅಷ್ಟೆ, ಆದರೂ ಸಿಟ್ಟು ಬೀಳುವುದು ಅವನ ಮೇಲೆ.

ಪೊಲೀಸರ ಕಡೆಯ ಮಾತೂ ಇದೆ, ಅದು ಹುರುಳಿಲ್ಲದ್ದಲ್ಲ. ಲೈಸೆನ್ಸಿಲ್ಲದ ನಾಡಕೋವಿಗಳು ಮಲೆನಾಡಿನಲ್ಲಿ ಕಡಿಮೆಯೇನಿಲ್ಲ. ರಾತ್ರಿ ಶಿಕಾರಿಗೆ ಹೋದವರು ಹಂದಿಯೆಂದು ತಿಳಿದು ಜೊತೆಯವನಿಗೇ ಈಡು ಹೊಡೆದ ಪ್ರಕರಣಗಳು ನಡೆದಿವೆ. ಬೆಳೆ ಕಾಯುವ ಹೆಸರಿನ ಕೋವಿ ಮಾಂಸದ ಆಸೆಗೆ ತಿರುಗುವುದೂ ಉಂಟು. ಆದರೆ ಠೇವಣಿಗೆ ಬರುವುದು ಲೈಸೆನ್ಸಿನ ಕೋವಿ ಮಾತ್ರ. ಲೆಕ್ಕದಲ್ಲಿಲ್ಲದ ಕೋವಿ ಲೆಕ್ಕಕ್ಕೆ ಸಿಗದೆ ಮನೆಯಲ್ಲೇ ಉಳಿಯುತ್ತದೆ. ಸದ್ದು ಮಾಡುವ ಸಾಧನ ಕೈಬಿಟ್ಟ ಮೇಲೆ ಕೆಲವರು ಉರುಳು, ವಿದ್ಯುತ್ ತಂತಿ, ಸಿಡಿಮದ್ದಿನ ದಾರಿ ಹಿಡಿಯುತ್ತಾರೆ. ಅವು ಕಾನೂನುಬಾಹಿರವೂ ಹೌದು, ಕೋವಿಗಿಂತ ಕ್ರೂರವೂ ಹೌದು. ಸಿಡಿಮದ್ದು ಕಚ್ಚಿ ಬಾಯಿ ಒಡೆದುಕೊಂಡ ಆಕಳನ್ನು ನೋಡಿದವರು ಅದನ್ನು ಮರೆಯಲಾರರು.

ಕಾಗದಪತ್ರದ ಭಾರ ಬೇರೆ ಹೆಚ್ಚಿದೆ. ಪ್ರತಿ ಲೈಸೆನ್ಸಿಗೂ ರಾಷ್ಟ್ರೀಯ ದತ್ತಾಂಶದ ಗುರುತಿನ ಸಂಖ್ಯೆ ಕಡ್ಡಾಯವಾಯಿತು. 2016ರ ಹೊಸ ನಿಯಮಗಳು ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತ ಬಳಕೆಯ ತರಬೇತಿ ಎಂದೆಲ್ಲ ಸೇರಿಸಿದವು. 2019ರ ತಿದ್ದುಪಡಿ ಒಬ್ಬರಿಗೆ ಮೂರಿದ್ದ ಕೋವಿಗಳ ಮಿತಿಯನ್ನು ಎರಡಕ್ಕಿಳಿಸಿ, ನವೀಕರಣದ ಅವಧಿಯನ್ನು ಮೂರು ವರ್ಷದಿಂದ ಐದಕ್ಕೇರಿಸಿತು. ಲೈಸೆನ್ಸುದಾರ ತೀರಿಕೊಂಡರೆ, ಅಥವಾ ಎಪ್ಪತ್ತು ದಾಟಿದರೆ, ವಾರಸುದಾರರಿಗೆ ವರ್ಗ ಮಾಡಲು ದಾರಿಯಿದೆ. ಆದರೆ ಮಗ ಬೆಂಗಳೂರಿನ ವಿಳಾಸದಲ್ಲಿದ್ದಾನೆ. ಅತಿಕ್ರಮಣ ಜಮೀನಿನಲ್ಲಿ ಎರಡು ತಲೆಮಾರಿನಿಂದ ಸಾಗುವಳಿ ಮಾಡಿದವರಿಗಂತೂ ತೋರಿಸಲು ಪಹಣಿಯೇ ಇಲ್ಲ. ಮಂಗಕ್ಕೆ ಮಾಲ್ಕಿ, ಅತಿಕ್ರಮಣ ಎಂಬ ಭೇದ ಗೊತ್ತಿಲ್ಲ.

ಇಂಥ ಹೊತ್ತಿನಲ್ಲೇ ಕೊಡಗಿನ ಹೆಸರು ಬರುತ್ತದೆ. ಕೊಡವ ಜನಾಂಗದವರಿಗೂ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, ರಾಜ್ಯ ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ನಮಗೂ ಹಾಗೇ ಕೊಡಿ ಎಂಬ ಮಾತು ಘಟ್ಟದ ಮೇಲೆ ಆಗಾಗ ಕೇಳುತ್ತದೆ. ಅಲ್ಲಿ ಕೋವಿ ಪೂಜೆಗೂ ಹುಟ್ಟುಸಾವಿನ ಆಚರಣೆಗೂ ಸೇರಿದ್ದು, ನ್ಯಾಯಾಲಯ ನೋಡಿದ್ದು ಕೊಡವರ ಯೋಧ ಪರಂಪರೆಯನ್ನು, ಸ್ವಾತಂತ್ರ್ಯಕ್ಕೆ ಮೊದಲಿನಿಂದ ನಡೆದುಬಂದ ವಿನಾಯಿತಿಯನ್ನು. ನಮ್ಮಲ್ಲಿ ಅದು ಕತ್ತಿ, ಗುದ್ದಲಿಯ ಸಾಲಿನ ಸಲಕರಣೆ. ವಿನಾಯಿತಿಯ ವಾದ ಇಲ್ಲಿ ನಿಲ್ಲಲಾರದು. 13ನೇ ಕಲಮಿನ ವಾದ ನಿಲ್ಲುತ್ತದೆ.

ಕೆಳಗೆ ಕರಾವಳಿಯಲ್ಲಿ ಇದೇ ಅಪನಂಬಿಕೆಗೆ ಬೇರೆ ಇತಿಹಾಸವಿದೆ. ಮುಂಬಯಿ ಬಂದರಿನ ಇಕ್ಕಟ್ಟಿನಿಂದ ನೌಕಾಪಡೆಯನ್ನು ಬಿಡಿಸಲು ರೂಪುಗೊಂಡ ಸೀಬರ್ಡ್ ಯೋಜನೆಗೆ 1986ರ ಅಕ್ಟೋಬರ್ 24ರಂದು ಅರ್ಗಾದಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. 2005ರ ಮೇ 31ರಂದು ಕದಂಬ ನೌಕಾನೆಲೆ ಸೇವೆಗೆ ಸೇರಿತು, 2014ರಲ್ಲಿ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಬಂತು. ಈ ನಡುವೆ ಅರ್ಗಾ, ಬಿಣಗಾದಿಂದ ಬೇಲೇಕೇರಿಯವರೆಗಿನ ಊರುಗಳ ರೈತರು, ಮೀನುಗಾರರು ಮನೆ, ಗದ್ದೆ, ದೋಣಿ ಎಳೆಯುವ ಕಡಲತೀರ ಬಿಟ್ಟು ಬಂದರು. ತೋಡೂರಿನಂಥ ಕಡೆ ಕಾಲನಿ ಎದ್ದಿತು, ಮುದಗಾದಲ್ಲಿ ಬಂದರು ಕಟ್ಟಿದರು. ಹೆಚ್ಚುವರಿ ಪರಿಹಾರದ ಮೊಕದ್ದಮೆಗಳು ಮಾತ್ರ ದಶಕಗಳ ಕಾಲ ಕೋರ್ಟು ಸುತ್ತಿದವು. ಅಳತೆಯವರು ಗುಂಟೆ ಕಡಿಮೆ ಬರೆದರು, ಬಂದ ಹಣದಲ್ಲಿ ಮಧ್ಯದವರ ಪಾಲೇ ದೊಡ್ಡದಾಯಿತು, ವಾಯಿದೆಗೆ ಓಡಾಡಿ ಅಪ್ಪ ತೀರಿಕೊಂಡ ಎಂಬ ಮಾತು ಆ ಕಾಲನಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದೇ ಮನೆಗಳ ಹುಡುಗರು ನೌಕಾಪಡೆಗೆ ಸೇರಲು ಬೆಳಗಿನ ಜಾವ ಓಟದ ಅಭ್ಯಾಸ ಮಾಡುತ್ತಾರೆ. ಸೇನೆಯ ಮೇಲೆ ಇಲ್ಲಿ ಯಾರಿಗೂ ಸಿಟ್ಟಿಲ್ಲ. ಸಿಟ್ಟಿರುವುದು ಸೇನೆಗೂ ತಮಗೂ ನಡುವೆ ಕಾಗದ ಹಿಡಿದು ಕೂತವರ ಮೇಲೆ, ಘಟ್ಟದ ಮೇಲೆ ಕೋವಿಗೂ ಕಾನೂನಿಗೂ ನಡುವೆ ಕೂತವರ ಮೇಲಿರುವಂತೆಯೇ.

ಹಾಗಾಗಿ, ನಾಡು ಬಲಿಷ್ಠವಾಗಬೇಕು ಎನ್ನುವವನೂ ಠಾಣೆಗೆ ಹೋಗಲು ಹಿಂಜರಿಯುವವನೂ ನಮ್ಮಲ್ಲಿ ಒಬ್ಬನೇ ಆಗಿರಬಹುದು. ಅದರಲ್ಲಿ ಎಡಬಿಡಂಗಿತನ ಏನೂ ಇಲ್ಲ, ಅವನ ಅನುಭವವೇ ಹಾಗಿದೆ.

ರಾಜ್ಯದ ಜಿಲ್ಲಾ ಮತ್ತು ತಾಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದಿದೆ. ಆ ಚುನಾವಣೆ ಘೋಷಣೆಯಾದ ದಿನ ಠೇವಣಿಯ ಪ್ರಶ್ನೆ ಮತ್ತೆ ಏಳುತ್ತದೆ. ಪರಿಶೀಲನಾ ಸಮಿತಿ ಘೋಷಣೆಗೆ ಮೊದಲೇ ಕೂತು ತಾಲೂಕುವಾರು ಪಟ್ಟಿ ನೋಡಬಹುದು. ಯಾರ ಕೋವಿ ಬೇಕು, ಯಾಕೆ ಬೇಕು ಎಂದು ಅವರವರಿಗೇ ಲಿಖಿತವಾಗಿ ತಿಳಿಸಬಹುದು. ಉಳಿದವರ ಲೈಸೆನ್ಸಿನ ಪುಸ್ತಕದಲ್ಲಿ ಒಂದು ಷರಾ ಬರೆದು ಮನೆಯಲ್ಲೇ ಇಟ್ಟುಕೊಳ್ಳಲು ಬಿಡಬಹುದು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಇರುವ ಮಾರ್ಗಸೂಚಿಯೇ ಸಾಕು.