ಬ್ಲಾಕ್ ಇಲ್ಲ ಅಂದ್ರೆ ವಾಲ್ವ್ ಸರಿ ಇದೆ ಅಂತಲ್ಲ

"ಆಂಜಿಯೋಗ್ರಾಂ ನಾರ್ಮಲ್ ಬಂದಿದೆ ಡಾಕ್ಟ್ರೇ, ಬ್ಲಾಕ್ ಇಲ್ಲ. ಮತ್ತೆ ಹಾರ್ಟ್ ಪ್ರಾಬ್ಲಂ ಅಂತ ಯಾಕೆ ಹೇಳ್ತೀರಿ?" ಹೀಗೆ ಯಾರೂ ಕೇಳದ ವಾರವೇ ಇಲ್ಲ. ಕೇಳುವವರ ಮೇಲೆ ಸಿಟ್ಟಿಲ್ಲ. ಇದೇ ನಂಬಿಕೆಯಲ್ಲಿ ವರ್ಷಗಟ್ಟಲೆ ತಡ ಮಾಡಿಕೊಂಡು ಬರುತ್ತಾರಲ್ಲ, ಅದಕ್ಕೆ ಸಂಕಟವಾಗುತ್ತದೆ.

ಹೃದಯಕ್ಕೆ ನಾಲ್ಕು ಕೋಣೆ, ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಬಾಗಿಲಿನಂಥ ನಾಲ್ಕು ವಾಲ್ವ್ ಎಲ್ಲರಿಗೂ ಗೊತ್ತು. ಗೊಂದಲ ಇರುವುದು ಬೇರೆ ಕಡೆ. ಬ್ಲಾಕ್ ಆಗುವುದು ಕೊರೊನರಿ ರಕ್ತನಾಳಗಳಲ್ಲಿ. ಅವು ಹೃದಯದ ಹೊರಮೈಯಲ್ಲಿ ಹರಡಿಕೊಂಡು ಅದರ ಸ್ನಾಯುವಿಗೆ ರಕ್ತ ಕೊಡುತ್ತವೆ. ವಾಲ್ವ್ ಇರುವುದು ಒಳಗೆ, ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ, ಮತ್ತೆ ರಕ್ತ ಹೊರಗೆ ಹೋಗುವ ಬಾಯಲ್ಲಿ. ಮಾಮೂಲಿ ಆಂಜಿಯೋಗ್ರಾಂ ತೋರಿಸುವುದು ಹೊರಗಿನ ನಾಳಗಳನ್ನು. ವಾಲ್ವ್ ನೋಡಲು ಎಕೋ, ಅಂದರೆ ಶಬ್ದದ ಅಲೆಯಿಂದ ಮಾಡುವ ಹೃದಯದ ಸ್ಕ್ಯಾನ್ ಬೇಕು. ನಾಳಕ್ಕೆ ಸ್ಟೆಂಟ್ ಹಾಕಿದರೂ ಕೆಟ್ಟ ವಾಲ್ವ್ ಇದ್ದ ಹಾಗೇ ಇರುತ್ತದೆ.

ನಲವತ್ತು ದಾಟಿದ ಒಬ್ಬ ಅಮ್ಮ ಬಂದಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕೆಮ್ಮು. ಮೂರು ದಿಂಬು ಇಟ್ಟುಕೊಂಡು ನಿದ್ದೆ. ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗಿದ್ದರು. ದಪ್ಪ ಫೈಲ್‌ನಲ್ಲಿ ಆಂಜಿಯೋಗ್ರಾಂ ಇತ್ತು, ಎಕೋ ಇರಲಿಲ್ಲ. ಎಕೋ ಮಾಡಿದರೆ ಎಡಗಡೆಯ ಮೈಟ್ರಲ್ ವಾಲ್ವಿನ ಎರಡು ಎಸಳೂ ಅಂಚಿನಲ್ಲಿ ಅಂಟಿಕೊಂಡು, ಮೀನಿನ ಬಾಯಿಯಷ್ಟೇ ತೆರೆಯುತ್ತಿದ್ದವು. ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ದಾರಿ 1ಕ್ಕೆ ಇಳಿದಿತ್ತು. ಮುಂದಕ್ಕೆ ಹೋಗದ ರಕ್ತ ಮೇಲಿನ ಕೋಣೆಯನ್ನು ಊದಿಸಿ, ಶ್ವಾಸಕೋಶದಲ್ಲಿ ಒತ್ತಡ ಏರಿಸಿತ್ತು. ಕೆಮ್ಮು ಬಂದದ್ದು ಅಲ್ಲಿಂದ. ಚಿಕ್ಕವರಿದ್ದಾಗ ಗಂಟಲು ನೋವು, ಜ್ವರ, ಆಮೇಲೆ ಮಂಡಿ ಊತ ಬಂದಿತ್ತಾ ಅಂತ ಕೇಳಿದೆ. "ಹೌದು, ನಡೆಯೋಕೇ ಆಗ್ತಿರಲಿಲ್ಲ" ಅಂದರು. ಅದು ರುಮ್ಯಾಟಿಕ್ ಜ್ವರ. ಗಂಟಲಿನ ಸೋಂಕಿನ ಬೆನ್ನಿಗೆ ಬಂದು, ವರ್ಷಗಳ ಮೇಲೆ ವಾಲ್ವ್ ಕೆಡಿಸುವುದು ಇದೇ.

ಅಂಟಿದ ಎಸಳನ್ನು ಬಿಡಿಸುವ ಮಾತ್ರೆ ಇಲ್ಲ. ಮಾತ್ರೆ ಕೊಡುವುದು ನೀರು ಇಳಿಸಲು, ಬಡಿತ ಹತೋಟಿಗೆ ತರಲು. ಜಪಾನಿನ ಕಾಂಜಿ ಇನೊಯೆ 1980ರ ದಶಕದಲ್ಲಿ ತಂದ ಬಲೂನ್ ಇದೆ. ತೊಡೆಸಂದಿನ ರಕ್ತನಾಳದಿಂದ ಹೋಗಿ, ಎದೆ ಕೊಯ್ಯದೆ ವಾಲ್ವ್ ಅಗಲಿಸಬಹುದು. ಆದರೆ ಎಲ್ಲರಿಗೂ ಆಗುವುದಿಲ್ಲ. ವಾಲ್ವಿನಲ್ಲಿ ಸುಣ್ಣ (ಕ್ಯಾಲ್ಸಿಯಂ) ಜಾಸ್ತಿ ಕಟ್ಟಿದ್ದರೆ, ಲೀಕ್ ಹೆಚ್ಚಿದ್ದರೆ ಅಥವಾ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಬೇರೆ ದಾರಿ ನೋಡಬೇಕು. ನಿಮ್ಮನ್ನು ಪರೀಕ್ಷೆ ಮಾಡಿದವರೇ ಅದನ್ನು ಹೇಳಬೇಕು, ಅಂಕಣ ಓದಿ ತೀರ್ಮಾನಿಸಬೇಡಿ. ಆ ಅಮ್ಮನಿಗೆ ಬಲೂನ್ ಆಯಿತು. ಈಗ ಒಂದೇ ದಿಂಬು.

ಅವರು ಮಗಳನ್ನೂ ಕರೆದುಕೊಂಡು ಬಂದಿದ್ದರು, ಐದು ತಿಂಗಳ ಬಸುರಿ. ಬಸಿರಿನಲ್ಲಿ ಮೈಯ ರಕ್ತ ಸುಮಾರು ಅರ್ಧದಷ್ಟು ಜಾಸ್ತಿಯಾಗುತ್ತದೆ. ಕಿರಿದಾದ ವಾಲ್ವ್ ಇದ್ದವರಿಗೆ ಉಸಿರು ಕಟ್ಟುವುದು ಆಗಲೇ. ಬಸುರಿಗೆ ಸುಸ್ತು ಸಹಜ ನಿಜ, ಆದರೆ ಮಲಗಲಾಗದಷ್ಟು ದಮ್ಮು ಸಹಜವಲ್ಲ. ಅಂಥವರಿಗೆ ಎಕೋ ಬೇಕಾ ಅಂತ ಅವತ್ತೇ ಡಾಕ್ಟರನ್ನು ಕೇಳಿ. ಹೆರಿಗೆ ಆಗಲಿ ಅಂತ ಕಾಯಬೇಡಿ.